ಬೆನ್ನುಮೂಳೆಯ ಶಸ್ತ್ರವೈದ್ಯರನ್ನು ಆರಿಸುವುದು ಹೇಗೆ?

‘ಒಬ್ಬ ಒಳ್ಳೆಯ ಸ್ಪೈನ್ ಸರ್ಜನ್ ಹೆಸರು ಹೇಳಿ’ ಎಂಬ ಕೋರಿಕೆ ಓದುಗರಿಂದ ಬರುತ್ತಲೇ ಇರುತ್ತದೆ. ಹೆಸರು ಕೊಡುವುದಿಲ್ಲ. ಒಬ್ಬರ ಕುತ್ತಿಗೆಯನ್ನು ಸರಿಪಡಿಸಿದ ವೈದ್ಯರೇ ಇನ್ನೊಬ್ಬರ ಸೊಂಟಕ್ಕೂ ತಕ್ಕವರು ಎನ್ನಲು ಬರುವುದಿಲ್ಲ. ಕೊಡಬಹುದಾದದ್ದು ಹುಡುಕುವ ಕ್ರಮ. ಆ ಕ್ರಮದಲ್ಲಿ ಹೆಚ್ಚಿನವರು ಎಡವುವ ಜಾಗವೂ ಒಂದೇ: ರೋಗ ಯಾವುದೆಂದು ಖಚಿತವಾಗುವ ಮೊದಲೇ ವೈದ್ಯರು ಯಾರೆಂದು ಖಚಿತ ಮಾಡಿಕೊಂಡಿರುತ್ತಾರೆ.

ಮುಂದೆ ಓದುವ ಮೊದಲು ಒಂದು ಎಚ್ಚರಿಕೆ. ಮೂತ್ರ ಕಟ್ಟಿಕೊಂಡಿದ್ದರೆ, ಅಥವಾ ಅರಿವಿಗೆ ಬಾರದೆ ಮಲಮೂತ್ರ ಹೋಗುತ್ತಿದ್ದರೆ, ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಿದ್ದರೆ, ಕಾಲುಗಳು ದಿನದಿಂದ ದಿನಕ್ಕೆ ಸೋಲುತ್ತಿದ್ದರೆ ಈ ಲೇಖನ ನಿಮಗಲ್ಲ. ಬೆನ್ನುಹುರಿಯ ತುದಿಯಿಂದ ಇಳಿಯುವ ನರಗಳ ಗೊಂಚಲು ಅದುಮಿಹೋಗಿರುವ ಲಕ್ಷಣ ಇದು. ವೈದ್ಯರು ಇದನ್ನು ‘ಕಾಡಾ ಈಕ್ವಿನಾ’ ಎನ್ನುತ್ತಾರೆ. ಆಗ ಆರಿಸುತ್ತ ಕೂರಬಾರದು. ತುರ್ತು ಚಿಕಿತ್ಸಾ ವಿಭಾಗವಿರುವ ಹತ್ತಿರದ ದೊಡ್ಡ ಆಸ್ಪತ್ರೆಗೆ ಈಗಲೇ ಹೊರಡಿ. ಅಪಘಾತದ ನಂತರದ ಬೆನ್ನುನೋವಿಗೂ, ಜ್ವರದೊಂದಿಗೆ ಬರುವ ತೀವ್ರ ಬೆನ್ನುನೋವಿಗೂ, ಕ್ಯಾನ್ಸರ್ ಇದ್ದವರಿಗೆ ಹೊಸದಾಗಿ ಕಾಣಿಸಿಕೊಂಡ ಬೆನ್ನುನೋವಿಗೂ ತಡ ಸಲ್ಲದು.

1. ಶಸ್ತ್ರವೈದ್ಯರ ಅಗತ್ಯ ನಿಜಕ್ಕೂ ಇದೆಯೇ?

ಬೆನ್ನುನೋವು ಎಂದು ನಾವು ಒಂದೇ ಪದದಲ್ಲಿ ಕರೆಯುವುದರೊಳಗೆ ಬೇರೆ ಬೇರೆ ತೊಂದರೆಗಳಿವೆ. ಶಸ್ತ್ರಚಿಕಿತ್ಸೆ ಕೆಲವಕ್ಕೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ.

ನೋವು ಸೊಂಟದಲ್ಲೇ ನಿಂತಿದೆಯೋ, ಕಾಲಿಗೆ ಇಳಿಯುತ್ತಿದೆಯೋ ಎಂಬುದನ್ನು ಮೊದಲು ಗಮನಿಸಿ. ಪೃಷ್ಠದಿಂದ ತೊಡೆಯ ಹಿಂಬದಿ ದಾಟಿ ಮೊಣಕಾಲಿನ ಕೆಳಗೂ ಹರಿಯುವ, ಜುಮುಗುಡುವ ಅಥವಾ ಮಿಂಚು ಹೊಡೆದಂಥ ನೋವು ಸಾಮಾನ್ಯವಾಗಿ ನರದ್ದು. ಇದೇ ಸಯಾಟಿಕಾ. ಎರಡು ಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಹೊರಚಾಚಿ ನರವನ್ನು ಒತ್ತಿದಾಗ ಇದು ಬರುವುದೇ ಹೆಚ್ಚು. ಹೀಗೆ ಒತ್ತಿಹೋದ ನರವನ್ನು ಬಿಡಿಸುವುದರಲ್ಲಿ ಶಸ್ತ್ರಚಿಕಿತ್ಸೆ ಸಮರ್ಥ. ಕಾಲಿಗಿಳಿಯದೆ ಸೊಂಟದಲ್ಲೇ ಇರುವ, ಕಾರಣ ಸ್ಪಷ್ಟವಾಗದ ನೋವಿಗೆ ಅದರ ಫಲ ಅಷ್ಟು ನೆಚ್ಚುವಂಥದ್ದಲ್ಲ.

ಸಯಾಟಿಕಾ ಇದ್ದವರೆಲ್ಲರೂ ಶಸ್ತ್ರಚಿಕಿತ್ಸೆಗೆ ಓಡಬೇಕಿಲ್ಲ. ನೆದರ್ಲೆಂಡ್ಸ್‌ನಲ್ಲಿ 283 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡಿ, ಇನ್ನೊಂದನ್ನು ಔಷಧಿ ಮತ್ತು ವ್ಯಾಯಾಮದ ಮೇಲೆ ಕಾಯಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬೇಗ ಶಸ್ತ್ರಚಿಕಿತ್ಸೆ ಆದವರ ನೋವು ಬೇಗ ಇಳಿಯಿತು. ವರ್ಷ ತುಂಬುವಷ್ಟರಲ್ಲಿ ಎರಡೂ ಗುಂಪುಗಳ ಸ್ಥಿತಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಾಯಬೇಕಾದ ಗುಂಪಿನಲ್ಲೂ ಸುಮಾರು ಶೇ 40ರಷ್ಟು ಮಂದಿ ನೋವು ತಡೆಯಲಾರದೆ ಕೊನೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು ಎಂಬುದನ್ನೂ ಜೊತೆಗೇ ಹೇಳಬೇಕು. ಅಂದರೆ ನರದ ಬಲ ಕುಂದುತ್ತಿಲ್ಲದಿದ್ದರೆ ಆರರಿಂದ ಹನ್ನೆರಡು ವಾರ ಕಾಯಬಹುದು. ಆ ಅವಧಿ ದಾಟಿಯೂ ಕಾಲುನೋವು ಬಗ್ಗದಿದ್ದರೆ ಶಸ್ತ್ರವೈದ್ಯರನ್ನು ಕಾಣುವುದು ಆತುರವಲ್ಲ.

ಬೆನ್ನುಹುರಿಯ ನಾಳ ಕಿರಿದಾಗಿರುವುದು, ಅಂದರೆ ಸ್ಟೆನೋಸಿಸ್, ಶಸ್ತ್ರವೈದ್ಯರು ನೋಡಬೇಕಾದ ಇನ್ನೊಂದು ತೊಂದರೆ. ಸ್ವಲ್ಪ ದೂರ ನಡೆದರೆ ಕಾಲು ಭಾರವಾಗಿ, ಮುಂದಕ್ಕೆ ಬಾಗಿದರೆ ಅಥವಾ ಕುಳಿತರೆ ಹಗುರವಾಗುವುದು ಇದರ ಗುರುತು. ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್, ಒಂದು ಮೂಳೆ ಇನ್ನೊಂದರ ಮೇಲೆ ಜರುಗುವುದು, ಗಡ್ಡೆ, ಸೋಂಕು, ಮೂಳೆಮುರಿತ ಇವೂ ಅವರ ಕೆಲಸವೇ.

ನೋವೇ ಇಲ್ಲದೆಯೂ ಬರಬಹುದಾದ ಒಂದು ಕಾಯಿಲೆಯನ್ನು ಮಾತ್ರ ಬಿಡಿಸಿ ಹೇಳಬೇಕು. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ, ಅಕ್ಷರ ಕೆಡುತ್ತದೆ, ನಡೆಯುವಾಗ ಹೆಜ್ಜೆ ತೂಗಾಡುತ್ತದೆ. ವಯಸ್ಸಾಯಿತು ಎಂದು ಮನೆಯವರು ಸುಮ್ಮನಾಗುತ್ತಾರೆ. ಕುತ್ತಿಗೆಯಲ್ಲಿ ಬೆನ್ನುಹುರಿಯೇ ಅದುಮಿಹೋಗುತ್ತಿರುವ ‘ಮೈಲೋಪಥಿ’ ಹೀಗೆ ಕಾಣಿಸಿಕೊಳ್ಳುತ್ತದೆ. ಇಲ್ಲಿ ಆರು ವಾರ, ಹನ್ನೆರಡು ವಾರ ಎಂಬ ಲೆಕ್ಕ ನಡೆಯುವುದಿಲ್ಲ. ಹೋದ ಶಕ್ತಿ ಪೂರ್ತಿ ಮರಳದೆಯೂ ಇರಬಹುದಾದ್ದರಿಂದ ಬೇಗ ತೋರಿಸಬೇಕು.

2. ಕಡತ ಸಿದ್ಧಪಡಿಸಿ

ಹೆಸರು ಹುಡುಕುವ ಮೊದಲು ನಿಮ್ಮದೇ ಕಥೆಯನ್ನು ಒಂದು ಪುಟಕ್ಕೆ ಇಳಿಸಿ. ನೋವು ಯಾವಾಗ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವುದರಿಂದ ಹೆಚ್ಚು, ಯಾವುದರಿಂದ ಕಡಿಮೆ, ಎಷ್ಟು ದೂರ ನಡೆಯಬಲ್ಲಿರಿ, ಯಾವ ಔಷಧಿ ಎಷ್ಟು ದಿನ ತೆಗೆದುಕೊಂಡಿರಿ, ಯಾವ ವ್ಯಾಯಾಮ ಮಾಡಿದಿರಿ, ಏನಾಯಿತು. ‘ಫಿಸಿಯೋಥೆರಪಿ ಆಯಿತು, ಪ್ರಯೋಜನವಾಗಲಿಲ್ಲ’ ಎಂಬ ಒಂದೇ ವಾಕ್ಯ ಯಾವ ವೈದ್ಯರಿಗೂ ಸಾಲದು. ಎಷ್ಟು ವಾರ, ವಾರಕ್ಕೆ ಎಷ್ಟು ಸಲ, ವ್ಯಾಯಾಮವೋ ಅಥವಾ ಬರೀ ಶಾಖ ಕೊಟ್ಟರೋ ಎಂಬುದನ್ನು ಬರೆಯಿರಿ.

ಜೊತೆಗೆ ಬೇರೆ ಕಾಯಿಲೆಗಳು, ಹಿಂದಿನ ಶಸ್ತ್ರಚಿಕಿತ್ಸೆಗಳು, ರಕ್ತ ತೆಳುವಾಗಿಸುವ ಮಾತ್ರೆಗಳ ಹೆಸರು ಇರಲಿ. ಸ್ಕ್ಯಾನ್ ಮಾಡಿಸಿದ್ದರೆ ವರದಿಯ ಹಾಳೆಯಷ್ಟೇ ಸಾಲದು, ಚಿತ್ರಗಳೇ ಬೇಕು. ಎಂಆರ್‌ಐ ಚಿತ್ರಗಳ ಪೂರ್ಣ ಡಿಜಿಟಲ್ ಪ್ರತಿಯನ್ನು ಸ್ಕ್ಯಾನ್ ಕೇಂದ್ರದಲ್ಲಿ ಕೇಳಿ ಪಡೆಯಿರಿ. ಫಿಲ್ಮನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು ಕಳುಹಿಸಿ ಅಭಿಪ್ರಾಯ ಕೇಳುವುದು ಈಗ ರೂಢಿಯಾಗಿದೆ. ಅಂಥ ಫೋಟೊ ನೋಡಿ ‘ಆಪರೇಷನ್ ಬೇಕು’ ಎಂದು ತಕ್ಷಣ ಹೇಳುವವರ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು.

3. ಮೂಳೆ ವಿಭಾಗವೋ, ನರ ವಿಭಾಗವೋ?

ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆ ಎರಡು ದಾರಿಗಳಿಂದ ವೈದ್ಯರು ಬರುತ್ತಾರೆ. ಮೂಳೆ ಮತ್ತು ಕೀಲುಗಳ ಶಸ್ತ್ರಚಿಕಿತ್ಸೆ ಕಲಿತ ಆರ್ಥೋಪೆಡಿಕ್ ಸರ್ಜನ್ ಒಂದು ದಾರಿ, ಮಿದುಳು ಮತ್ತು ನರಗಳ ಶಸ್ತ್ರಚಿಕಿತ್ಸೆ ಕಲಿತ ನ್ಯೂರೋಸರ್ಜನ್ ಇನ್ನೊಂದು. ಯಾರು ಮೇಲು ಎಂಬ ವಾದಕ್ಕೆ ಕೊನೆಯಿಲ್ಲ, ಪ್ರಯೋಜನವೂ ಇಲ್ಲ. ಜರುಗಿದ ಡಿಸ್ಕ್ ಕಾಲುನೋವಿಗೆ ಕಾರಣವೆಂದು 1934ರಲ್ಲಿ ಬಾಸ್ಟನ್‌ನಿಂದ ಜಗತ್ತಿಗೆ ಸಾರಿದ ಪ್ರಬಂಧದಲ್ಲೇ ಎರಡು ಹೆಸರುಗಳಿದ್ದವು. ವಿಲಿಯಂ ಮಿಕ್ಸ್‌ಟರ್ ನರಶಸ್ತ್ರತಜ್ಞ, ಜೋಸೆಫ್ ಬಾರ್ ಮೂಳೆತಜ್ಞ.

ಡಿಸ್ಕ್, ಸ್ಟೆನೋಸಿಸ್, ಮೂಳೆಗಳನ್ನು ಬೆಸೆಯುವ ಸಾಮಾನ್ಯ ಫ್ಯೂಷನ್‌ಗಳನ್ನು ಇಬ್ಬರೂ ಮಾಡುತ್ತಾರೆ. ಸ್ಕೋಲಿಯೋಸಿಸ್‌ನಂಥ ವಕ್ರತೆಯನ್ನು, ಅದರಲ್ಲೂ ಮಕ್ಕಳದ್ದನ್ನು, ಹೆಚ್ಚಾಗಿ ಆರ್ಥೋಪೆಡಿಕ್ ಹಿನ್ನೆಲೆಯವರು ನೋಡುತ್ತಾರೆ. ಬೆನ್ನುಹುರಿಯ ಹೊದಿಕೆಯ ಒಳಗಿನ ಗಡ್ಡೆಯಾದರೆ ನರಶಸ್ತ್ರತಜ್ಞರೇ ಬೇಕು. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಇವರು ದಿನವೂ ಮಾಡುವುದು ಏನು? ಬೆಳಿಗ್ಗೆ ಮಂಡಿಚಿಪ್ಪು ಬದಲಿಸಿ, ಮಧ್ಯಾಹ್ನ ಮುರಿದ ಕೈ ಜೋಡಿಸಿ, ತಿಂಗಳಿಗೊಮ್ಮೆ ಬೆನ್ನು ತೆರೆಯುವವರು ಒಳ್ಳೆಯ ಮೂಳೆತಜ್ಞರಾಗಿರಬಹುದು, ಆದರೆ ನೀವು ಹುಡುಕುತ್ತಿರುವುದು ಅವರನ್ನಲ್ಲ. ಮೂಲ ತಜ್ಞತೆಯ ನಂತರ ಬೆನ್ನುಮೂಳೆಗೆಂದೇ ತರಬೇತಿ, ಅಂದರೆ ಸ್ಪೈನ್ ಫೆಲೋಶಿಪ್, ಪಡೆದಿದ್ದಾರೆಯೇ, ಅವರ ಕೆಲಸದ ಬಹುಪಾಲು ಬೆನ್ನುಮೂಳೆಯದ್ದೇ ಆಗಿದೆಯೇ ಎಂದು ವಿಚಾರಿಸಿ. ‘ಫೆಲೋಶಿಪ್’ ಎಂಬ ಪದವನ್ನು ಕೆಲವೇ ದಿನಗಳ ಕೋರ್ಸಿಗೂ ಬಳಸುವುದುಂಟು. ಎಲ್ಲಿ, ಎಷ್ಟು ಅವಧಿ ಎಂದು ಕೇಳುವುದು ಅವಮರ್ಯಾದೆಯಲ್ಲ.

4. ಹೆಸರುಗಳ ಕಿರುಪಟ್ಟಿ

ಎರಡು ಮೂರು ಹೆಸರು ಸಾಕು. ಯಾರನ್ನು ಕೇಳಬೇಕು ಎಂಬುದೇ ಇಲ್ಲಿನ ಗುಟ್ಟು. ಶಸ್ತ್ರಚಿಕಿತ್ಸೆಯ ನಂತರ ರೋಗಿಗಳನ್ನು ನಡೆಸುವ ಫಿಸಿಯೋಥೆರಪಿಸ್ಟ್‌ಗಳಿಗೆ ಯಾರ ರೋಗಿಗಳು ಹೇಗೆ ಚೇತರಿಸಿಕೊಳ್ಳುತ್ತಾರೆ ಎಂಬುದು ಗೊತ್ತಿರುತ್ತದೆ. ಅರಿವಳಿಕೆ ತಜ್ಞರು, ಶಸ್ತ್ರಚಿಕಿತ್ಸಾ ಕೊಠಡಿಯ ದಾದಿಯರು ಪರಿಚಯವಿದ್ದರೆ ಅವರನ್ನೂ ಕೇಳಿ, ಕೈಚಳಕವನ್ನು ಕಣ್ಣಾರೆ ಕಂಡವರು ಅವರೇ. ಮನೆಯ ವೈದ್ಯರನ್ನು ‘ಯಾರು ಒಳ್ಳೆಯವರು?’ ಎಂದು ಕೇಳುವ ಬದಲು ‘ನಿಮ್ಮ ಮನೆಯವರಿಗೇ ಈ ತೊಂದರೆ ಬಂದಿದ್ದರೆ ಯಾರ ಬಳಿ ಕಳುಹಿಸುತ್ತಿದ್ದಿರಿ?’ ಎಂದು ಕೇಳಿ ನೋಡಿ. ಉತ್ತರ ಬದಲಾಗುವುದುಂಟು.

ವೈದ್ಯರ ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ನಿಮ್ಮ ದೇಶದ ವೈದ್ಯಕೀಯ ಮಂಡಳಿಯ ದಾಖಲೆಯಲ್ಲಿ ಪರೀಕ್ಷಿಸಿ. ಅಂತರ್ಜಾಲದ ನಕ್ಷತ್ರಗಳನ್ನು ಬಹಳ ನಂಬಬೇಡಿ. ಅವು ಬಹುಮಟ್ಟಿಗೆ ಕಾಯಿಸಿದ ಹೊತ್ತನ್ನು, ಸ್ವಾಗತಕಾರರ ನಗುವನ್ನು, ವಾಹನ ನಿಲುಗಡೆಯನ್ನು ಅಳೆಯುತ್ತವೆ. ಶಸ್ತ್ರಚಿಕಿತ್ಸೆ ಆದ ಮರುದಿನವೇ ಬರೆದ ಹೊಗಳಿಕೆಗಿಂತ ವರ್ಷದ ನಂತರ ಬರೆದ ನಾಲ್ಕು ಸಾಲಿಗೆ ತೂಕ ಹೆಚ್ಚು.

5. ಮೊದಲ ಭೇಟಿ

ಇಡೀ ಆಯ್ಕೆ ನಿಂತಿರುವುದು ಈ ಭೇಟಿಯ ಮೇಲೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಆತಂಕದಲ್ಲಿರುವ ಕಿವಿಗೆ ಅರ್ಧ ಮಾತು ಬೀಳುವುದೇ ಇಲ್ಲ.

ವೈದ್ಯರು ಮೊದಲು ನಿಮ್ಮ ಮಾತು ಕೇಳಬೇಕು, ಆಮೇಲೆ ಮೈಮುಟ್ಟಿ ಪರೀಕ್ಷಿಸಬೇಕು, ಅದಾದ ಮೇಲೆ ಚಿತ್ರ ನೋಡಬೇಕು. ಪರೀಕ್ಷೆ ಎಂದರೆ ಬೆನ್ನನ್ನು ಎರಡು ಕಡೆ ಒತ್ತಿ ನೋಡುವುದಲ್ಲ. ಹಿಮ್ಮಡಿಯ ಮೇಲೆ, ಬೆರಳುಗಳ ಮೇಲೆ ನಡೆಸಬೇಕು. ಮಲಗಿಸಿ ಕಾಲನ್ನು ನೇರವಾಗಿ ಎತ್ತಿ ನೋಡಬೇಕು. ಪಾದ ಮತ್ತು ಹೆಬ್ಬೆರಳಿನ ಬಲ ಪರೀಕ್ಷಿಸಬೇಕು, ಚಿಕ್ಕ ಸುತ್ತಿಗೆಯಿಂದ ಮಂಡಿ, ಹಿಮ್ಮಡಿಗಳನ್ನು ತಟ್ಟಬೇಕು, ಚರ್ಮದ ಸ್ಪರ್ಶ ನೋಡಬೇಕು. ತೊಡೆ ಸೇರುವ ಸೊಂಟದ ಕೀಲನ್ನು ತಿರುಗಿಸಿ ನೋಡಿದರೆ ಇನ್ನೂ ಒಳ್ಳೆಯದು. ಸವೆದ ಸೊಂಟದ ಕೀಲು ಬೆನ್ನಿನ ನೋವಿನ ವೇಷದಲ್ಲಿ ಬಂದು ಮೋಸ ಮಾಡುವುದು ಅಪರೂಪವಲ್ಲ.

ಇಷ್ಟೆಲ್ಲ ಏಕೆ, ಎಂಆರ್‌ಐ ಇದೆಯಲ್ಲ ಎನ್ನುವವರು 1994ರ ಒಂದು ಅಧ್ಯಯನವನ್ನು ತಿಳಿದಿರಬೇಕು. ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದಾಗ ಶೇ 52ರಷ್ಟು ಮಂದಿಯಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು. ಶೇ 27ರಷ್ಟು ಮಂದಿಯಲ್ಲಿ ಅದು ಹೊರಗೇ ಚಾಚಿಕೊಂಡಿತ್ತು. ಅವರೆಲ್ಲ ಆರಾಮವಾಗಿ ಓಡಾಡಿಕೊಂಡಿದ್ದವರು. ಡಿಸ್ಕ್ ಸವೆತ, ಉಬ್ಬು, ಒಣಗುವಿಕೆ ಎಂದು ವರದಿಯಲ್ಲಿ ಸಾಲುಸಾಲಾಗಿ ಬರೆದಿರುವುದರಲ್ಲಿ ಹೆಚ್ಚಿನದು ವಯಸ್ಸಿನ ಗುರುತು, ಕೂದಲು ನರೆತಂತೆ.

ಆದ್ದರಿಂದ ನೀವು ಗಮನಿಸಬೇಕಾದದ್ದು ಇದು: ನೀವು ಹೇಳಿದ ನೋವು, ವೈದ್ಯರು ಪರೀಕ್ಷೆಯಲ್ಲಿ ಕಂಡದ್ದು, ಚಿತ್ರದಲ್ಲಿ ಇರುವುದು, ಈ ಮೂರನ್ನೂ ಅವರು ಒಂದೇ ಎಳೆಯಲ್ಲಿ ಪೋಣಿಸುತ್ತಾರೆಯೇ? ಉದಾಹರಣೆಗೆ, ‘ನಿಮಗೆ ಬಲಗಾಲಿನ ಹೆಬ್ಬೆರಳನ್ನು ಮೇಲೆತ್ತಲು ಬಲ ಸಾಲುತ್ತಿಲ್ಲ, ಪಾದದ ಮೇಲ್ಭಾಗ ಮರಗಟ್ಟಿದೆ. ಇವೆರಡೂ ಎಲ್‌5 ನರದ ಕೆಲಸ. ಚಿತ್ರದಲ್ಲಿ ಎಲ್‌4, ಎಲ್‌5 ಮೂಳೆಗಳ ನಡುವಿನ ಡಿಸ್ಕ್ ಬಲಗಡೆಗೆ ಜರುಗಿ ಅದೇ ನರವನ್ನು ಒತ್ತುತ್ತಿದೆ.’ ಇಂಥ ವಿವರಣೆ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬಂದರೆ ಮುಂದಿನ ಮಾತಿಗೆ ಬುನಾದಿ ಇದೆ. ಎಲ್ ಎಂದರೆ ಸೊಂಟದ ಐದು ಮೂಳೆಗಳು, ಸಿ ಎಂದರೆ ಕುತ್ತಿಗೆಯ ಏಳು, ಟಿ ಅಥವಾ ಡಿ ಎಂದರೆ ಎದೆಯ ಹಿಂದಿನ ಹನ್ನೆರಡು, ಎಸ್ ಎಂದರೆ ಸೊಂಟದ ಕೆಳಗಿನ ತ್ರಿಕಾಸ್ಥಿ. ಇಷ್ಟು ತಿಳಿದುಕೊಂಡು ಹೋದರೆ ಮಾತು ಹಿಡಿಯುವುದು ಸುಲಭ.

ಚಿತ್ರವನ್ನು ಬೆಳಕಿಗೆ ಹಿಡಿದು ‘ನೋಡಿ, ಎಲ್ಲ ಹಾಳಾಗಿದೆ’ ಎನ್ನುವವರು, ‘ಈಗ ಮಾಡಿಸದಿದ್ದರೆ ಗಾಲಿಕುರ್ಚಿಯೇ ಗತಿ’ ಎಂದು ಹೆದರಿಸಿ ಅದೇ ವಾರ ದಿನಾಂಕ ಕೊಡುವವರು, ಒಂದು ಪ್ರಶ್ನೆಗೇ ಮುಖ ಗಂಟಿಕ್ಕುವವರು ಎಷ್ಟೇ ಹೆಸರಾಂತರಾಗಿರಲಿ, ಎದ್ದು ಬನ್ನಿ. ತುರ್ತು ನಿಜವಾಗಿದ್ದರೆ ಅದರ ಕಾರಣವನ್ನು ನಿಮ್ಮ ಕಾಲಿನ ಬಲದಲ್ಲೋ, ಮೂತ್ರದ ತೊಂದರೆಯಲ್ಲೋ ಅವರು ತೋರಿಸಬಲ್ಲರು.

6. ಕೇಳಲೇಬೇಕಾದ ಪ್ರಶ್ನೆಗಳು

ಶಸ್ತ್ರಚಿಕಿತ್ಸೆ ಬೇಕು ಎಂದರೆ ಮೊದಲ ಪ್ರಶ್ನೆ, ‘ನನ್ನ ಯಾವ ನೋವು ಹೋಗುತ್ತದೆ, ಯಾವುದು ಉಳಿಯಬಹುದು?’ ಕಾಲುನೋವು ಹೋಗಿ ಸೊಂಟನೋವು ಉಳಿಯುವುದು, ನೋವು ಹೋಗಿ ಮರಗಟ್ಟುವಿಕೆ ಉಳಿಯುವುದು ಸಾಮಾನ್ಯ. ಇದನ್ನು ಮೊದಲೇ ಹೇಳದ ಕಡೆಯಲ್ಲಿ ಚೆನ್ನಾಗಿ ಆದ ಶಸ್ತ್ರಚಿಕಿತ್ಸೆಯೂ ಮೋಸದಂತೆ ತೋರುತ್ತದೆ.

‘ಮಾಡಿಸದಿದ್ದರೆ ಏನಾಗುತ್ತದೆ?’ ಎಂಬುದು ಎರಡನೆಯದು. ಬೇಡ ಎನ್ನುವ ವಾದವನ್ನೂ ಬೇಕು ಎನ್ನುವಷ್ಟೇ ಚೆನ್ನಾಗಿ ಮಂಡಿಸಬಲ್ಲ ವೈದ್ಯರಿಗೆ ನನ್ನ ಮತ. ಇಡೀ ಹುಡುಕಾಟದಲ್ಲಿ ಒಂದೇ ಒಂದು ಒರೆಗಲ್ಲು ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

‘ಬರೀ ಒತ್ತಡ ಬಿಡಿಸುತ್ತೀರೋ, ಮೂಳೆಗಳನ್ನು ಬೆಸೆಯುತ್ತೀರೋ?’ ಒತ್ತಡ ಬಿಡಿಸುವುದು ಎಂದರೆ ನರವನ್ನು ಅದುಮಿರುವ ಡಿಸ್ಕಿನ ತುಣುಕನ್ನು ತೆಗೆಯುವ ಡಿಸ್ಕೆಕ್ಟಮಿ ಅಥವಾ ನಾಳದ ಹಿಂಬದಿಯ ಮೂಳೆಯನ್ನು ಕೊರೆದು ಜಾಗ ಮಾಡುವ ಲ್ಯಾಮಿನೆಕ್ಟಮಿ. ಫ್ಯೂಷನ್ ಎಂದರೆ ಸಾಮಾನ್ಯವಾಗಿ ಸ್ಕ್ರೂ, ರಾಡ್‌ಗಳನ್ನು ಹಾಕಿ ಎರಡು ಮೂಳೆಗಳು ಒಂದಾಗಿ ಬೆಳೆಯುವಂತೆ ಮಾಡುವುದು. ಇದು ದೊಡ್ಡ ಕೆಲಸ, ಖರ್ಚು ಹೆಚ್ಚು, ಚೇತರಿಕೆ ನಿಧಾನ. ಬೆಸೆದ ಭಾಗದ ಮೇಲಿನ ಮತ್ತು ಕೆಳಗಿನ ಕೀಲುಗಳ ಮೇಲೆ ಹೊರೆ ಹೆಚ್ಚುತ್ತದೆ. ವಕ್ರತೆ, ಮುರಿತ, ಸ್ಪಷ್ಟವಾಗಿ ಅಲುಗಾಡುವ ಮೂಳೆ ಇದ್ದರೆ ಫ್ಯೂಷನ್ ಬೇಕಾಗಬಹುದು. ಮೊದಲ ಬಾರಿಗೆ ಜರುಗಿದ ಸಾಮಾನ್ಯ ಡಿಸ್ಕಿಗೆ ಫ್ಯೂಷನ್ ಸೂಚಿಸಿದರೆ ಏಕೆಂದು ಬಿಡದೆ ಕೇಳಿ.

‘ನನಗೆ ಮಾಡುವ ಇದೇ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ? ನಿಮ್ಮ ರೋಗಿಗಳಲ್ಲಿ ಸೋಂಕು, ನರಕ್ಕೆ ಪೆಟ್ಟು, ಬೆನ್ನುಹುರಿಯ ಹೊದಿಕೆ ಹರಿದು ದ್ರವ ಸೋರುವುದು, ಮತ್ತೆ ತೆರೆಯಬೇಕಾಗುವುದು ಎಷ್ಟು?’ ಎಂದು ಕೇಳಿ. ‘ನನ್ನ ಕೈಯಲ್ಲಿ ಒಂದೂ ಆಗಿಲ್ಲ’ ಎಂಬ ಉತ್ತರ ಬಂದರೆ ಒಂದೋ ಅವರು ಮಾಡಿದ್ದು ಬಹಳ ಕಡಿಮೆ, ಇಲ್ಲವೇ ಲೆಕ್ಕ ಇಟ್ಟಿಲ್ಲ.

ಶಸ್ತ್ರಚಿಕಿತ್ಸೆ ಮಾಡುವವರು ಅವರೇ ಹೌದೇ, ಕಿರಿಯ ವೈದ್ಯರು ಯಾವ ಭಾಗ ಮಾಡುತ್ತಾರೆ ಎಂಬುದನ್ನೂ ಕೇಳಿ ತಿಳಿಯಿರಿ. ಲೇಸರ್, ಕೀಹೋಲ್, ಎಂಡೋಸ್ಕೋಪ್, ರೋಬೋಟ್ ಎಂಬ ಪದಗಳಿಗೆ ಮರುಳಾಗಬೇಡಿ. ಚಿಕ್ಕ ಗಾಯದಿಂದ ಚೇತರಿಕೆ ಬೇಗ ಆಗಬಹುದು. ರೋಬೋಟ್ ಸ್ಕ್ರೂವನ್ನು ಸರಿಯಾದ ಜಾಗಕ್ಕೆ ಒಯ್ಯಲು ನೆರವಾಗುತ್ತದೆ. ಆ ಸ್ಕ್ರೂ ನಿಮಗೆ ಬೇಕೇ ಎಂಬುದನ್ನು ಅದು ಹೇಳುವುದಿಲ್ಲ.

7. ಎರಡನೆಯ ಅಭಿಪ್ರಾಯ

ತುರ್ತು ಇಲ್ಲದ ಯಾವ ಬೆನ್ನುಮೂಳೆ ಶಸ್ತ್ರಚಿಕಿತ್ಸೆಗೂ ಎರಡನೆಯ ಅಭಿಪ್ರಾಯ ಪಡೆಯಿರಿ, ಫ್ಯೂಷನ್ ಆದರೆ ತಪ್ಪಿಸಲೇಬೇಡಿ. ಬೇರೆ ಆಸ್ಪತ್ರೆಯವರಾಗಿರಲಿ, ಸಾಧ್ಯವಾದರೆ ಇನ್ನೊಂದು ದಾರಿಯಿಂದ ಬಂದವರಾಗಿರಲಿ. ಮೊದಲ ವೈದ್ಯರ ಸಲಹೆಯನ್ನು ಕೊನೆಯಲ್ಲಿ ಹೇಳಿ. ಮೊದಲೇ ಹೇಳಿದರೆ ಎರಡನೆಯವರ ಯೋಚನೆ ಅದರ ಸುತ್ತಲೇ ತಿರುಗುವ ಅಪಾಯವಿದೆ.

ಇಬ್ಬರೂ ಬೇರೆ ಬೇರೆ ಹೇಳಿದರೆ ಗಾಬರಿ ಬೇಡ. ಎಲ್ಲಿ ಬೇರೆಯಾಗುತ್ತಾರೆ ಎಂದು ನೋಡಿ. ರೋಗ ಒಂದೇ ಎಂದು ಒಪ್ಪಿ, ವಿಧಾನದಲ್ಲಿ ಮಾತ್ರ ಭಿನ್ನವಾಗಿದ್ದರೆ ಅದು ಪ್ರಾಮಾಣಿಕ ಭಿನ್ನಾಭಿಪ್ರಾಯವಿರಬಹುದು. ಮೂಳೆ ಜರುಗಿ ನಾಳ ಕಿರಿದಾದವರಿಗೆ ಫ್ಯೂಷನ್ ಕೂಡ ಬೇಕೇ ಎಂಬ ಬಗ್ಗೆ ಸ್ವೀಡನ್ ಮತ್ತು ಅಮೆರಿಕದ ಎರಡು ಅಧ್ಯಯನಗಳು 2016ರಲ್ಲಿ ಒಂದೇ ಪತ್ರಿಕೆಯಲ್ಲಿ ಪ್ರಕಟವಾದವು. ಒಂದು ಪ್ರಯೋಜನ ಕಾಣಲಿಲ್ಲ ಎಂದಿತು, ಇನ್ನೊಂದು ಅಲ್ಪ ಪ್ರಯೋಜನ ಕಂಡಿತು. 2021ರಲ್ಲಿ ನಾರ್ವೆಯ ಅಧ್ಯಯನ, ಫ್ಯೂಷನ್ ಇಲ್ಲದೆ ಬರೀ ಒತ್ತಡ ಬಿಡಿಸುವುದು ಕಳಪೆಯೇನಲ್ಲ ಎಂದಿತು. ಹೀಗಿರುವಾಗ ಇಬ್ಬರು ತಿಳಿದವರು ಒಂದೇ ಮಾತು ಹೇಳಲೇಬೇಕೆಂದಿಲ್ಲ. ನೋವಿನ ಮೂಲ ಯಾವುದು ಎಂಬುದರಲ್ಲೇ ಇಬ್ಬರೂ ಬೇರೆಯಾದರೆ ಕಥೆ ಬೇರೆ. ಆಗ ದಿನಾಂಕ ಗೊತ್ತುಮಾಡಬೇಡಿ, ಮೂರನೆಯವರನ್ನು ಕಾಣಿ ಅಥವಾ ಮತ್ತಷ್ಟು ಪರೀಕ್ಷೆ ಮಾಡಿಸಿ. ನೀವು ಬಯಸಿದ ಉತ್ತರ ಸಿಗುವವರೆಗೆ ಆರು ಬಾಗಿಲು ತಟ್ಟುವುದು ಮಾತ್ರ ಬೇಡ.

8. ಆಸ್ಪತ್ರೆಯನ್ನೂ ನೋಡಿ

ತೀವ್ರ ನಿಗಾ ಘಟಕ, ರಾತ್ರಿಯೂ ತುರ್ತಾಗಿ ಎಂಆರ್‌ಐ ತೆಗೆಯುವ ಮತ್ತು ಮರಳಿ ಶಸ್ತ್ರಚಿಕಿತ್ಸೆ ಮಾಡುವ ಸೌಲಭ್ಯ, ಮರುದಿನವೇ ಎಬ್ಬಿಸಿ ನಡೆಸುವ ಫಿಸಿಯೋಥೆರಪಿ ಇವೆಯೇ ಎಂದು ವಿಚಾರಿಸಿ. ವಕ್ರತೆ ತಿದ್ದುವಾಗ ಅಥವಾ ಬೆನ್ನುಹುರಿಯ ಹತ್ತಿರ ಕೆಲಸ ಮಾಡುವಾಗ ನರಗಳ ಸಂದೇಶವನ್ನು ಆಗಿಂದಾಗಲೇ ಅಳೆಯುವ ವ್ಯವಸ್ಥೆ ಬೇಕು, ಇದನ್ನು ನ್ಯೂರೋಮಾನಿಟರಿಂಗ್ ಎನ್ನುತ್ತಾರೆ. ಹೊಳೆಯುವ ನೆಲಹಾಸು ಇದ್ಯಾವುದಕ್ಕೂ ಪುರಾವೆಯಲ್ಲ.

9. ದಿನಾಂಕ ಗೊತ್ತಾದ ಮೇಲೆ

ಧೂಮಪಾನ ಮಾಡುವವರಾದರೆ ನಿಲ್ಲಿಸಿ. ನಿಕೋಟಿನ್ ಮೂಳೆ ಬೆಸೆಯುವುದಕ್ಕೆ ಅಡ್ಡಿ, ಗಾಯ ಮಾಯುವುದಕ್ಕೂ ಅಡ್ಡಿ. ಇದನ್ನು ಕೇಳದೆಯೇ ಫ್ಯೂಷನ್‌ಗೆ ಒಪ್ಪುವ ವೈದ್ಯರ ಬಗ್ಗೆ ಇನ್ನೊಮ್ಮೆ ಯೋಚಿಸಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ವಯಸ್ಸಾದವರಿಗೆ, ಮುಟ್ಟು ನಿಂತ ಮಹಿಳೆಯರಿಗೆ ಸ್ಕ್ರೂ ಹಾಕುವ ಮೊದಲು ಮೂಳೆಸಾಂದ್ರತೆ ಪರೀಕ್ಷೆ ಮಾಡಿಸುವುದು ಲೇಸು, ಟೊಳ್ಳು ಮೂಳೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅದನ್ನು ಬರೆದುಕೊಟ್ಟ ವೈದ್ಯರೂ ಶಸ್ತ್ರವೈದ್ಯರೂ ಮಾತಾಡಿ ತೀರ್ಮಾನಿಸಲಿ.

ಒಪ್ಪಿಗೆ ಪತ್ರವನ್ನು ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಟ್ರಾಲಿಯ ಮೇಲೆ ಮಲಗಿ ಸಹಿ ಹಾಕಬೇಡಿ, ಮುಂಚೆಯೇ ಕೇಳಿ ಪಡೆಯಿರಿ. ಅದರಲ್ಲಿ ಯಾವ ಮಟ್ಟ, ಅಂದರೆ ಯಾವ ಮೂಳೆಗಳ ನಡುವೆ, ಯಾವ ಬದಿ, ಯಾವ ವಿಧಾನ ಎಂದು ಬರೆದಿದೆಯೇ ನೋಡಿ. ಕೆಲವರ ಸೊಂಟದಲ್ಲಿ ಮೂಳೆಗಳ ಎಣಿಕೆ ಹುಟ್ಟಿನಿಂದಲೇ ಒಂದು ಹೆಚ್ಚು ಅಥವಾ ಕಡಿಮೆ ಇರುತ್ತದೆ, ತಪ್ಪು ಮಟ್ಟದಲ್ಲಿ ಶಸ್ತ್ರಚಿಕಿತ್ಸೆಯಾಗಲು ಇದೂ ಒಂದು ಕಾರಣ. ಕೊಠಡಿಯೊಳಗೆ ಎಕ್ಸ್-ರೇ ತೆಗೆದು ಮಟ್ಟವನ್ನು ಖಚಿತಪಡಿಸಿಕೊಳ್ಳುತ್ತೀರಾ ಎಂದು ಕೇಳಿ, ಹೌದು ಎಂಬ ಉತ್ತರ ತಕ್ಷಣ ಬರಬೇಕು. ಮನೆಗೆ ಹೋದ ಮೇಲೆ ಜ್ವರ ಬಂದರೆ, ಗಾಯ ಒಸರಿದರೆ, ಕಾಲು ಮತ್ತೆ ಸೋತರೆ, ಮೂತ್ರ ಕಟ್ಟಿದರೆ ನಡುರಾತ್ರಿಯಲ್ಲಿ ಯಾವ ಸಂಖ್ಯೆಗೆ ಕರೆ ಮಾಡಬೇಕು, ಆ ಕಡೆ ಫೋನ್ ಎತ್ತುವವರು ಯಾರು ಎಂಬುದನ್ನು ಅದೇ ಹಾಳೆಯ ಮೇಲೆ ಬರೆಸಿಕೊಳ್ಳಿ.